ಆಲಿಕಲ್ಲಿನ ಮೋಡಕ್ಕೆ ಫಿರಂಗಿಯ ಸದ್ದು ಕೇಳಿಸುತ್ತದೆಯೇ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ. ನಾಲ್ಕು ಎಕರೆ ಚಪ್ಪರವಿದೆ, ಹೆಚ್ಚಿನದು ದಿಲ್‌ಖುಷ್ ತಳಿ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ, ಕೊಯ್ಲಿಗೆ ಹತ್ತು ದಿನ ಇರುವಾಗ, ಹತ್ತೇ ನಿಮಿಷ ಬಿದ್ದ ಆಲಿಕಲ್ಲಿಗೆ ಬೆಳೆಯೆಲ್ಲ ನೆಲಕಚ್ಚಿತು. ಈಗ ಮಾರಾಟಗಾರರೊಬ್ಬರು ಬಂದು 'ಆಲಿಕಲ್ಲು ತಡೆಯುವ ಫಿರಂಗಿ' ಕೊಳ್ಳಿ ಎನ್ನುತ್ತಿದ್ದಾರೆ. ಅನಿಲವನ್ನು ಸ್ಫೋಟಿಸಿ ಆರೇಳು ಸೆಕೆಂಡಿಗೊಮ್ಮೆ ಮೋಡಕ್ಕೆ ಆಘಾತ ತರಂಗ ಕಳುಹಿಸುವ ಯಂತ್ರವಂತೆ. 'ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಅಲೆ ಬೆಳೆಯುತ್ತದೆ. ಪೆಸಿಫಿಕ್ ಸಾಗರದ ಟೋಂಗಾ ಜ್ವಾಲಾಮುಖಿಯ ಅಲೆ ಭೂಮಿಯನ್ನೇ ಸುತ್ತಿತು. ಶುಕ್ರ, ಗುರು ಗ್ರಹಗಳ ಮೋಡಗಳನ್ನೂ ಇಂಥ ಅಲೆಗಳೇ ಅಲ್ಲಾಡಿಸುತ್ತವೆ' ಎಂದು ಚಿತ್ರ ತೋರಿಸಿ ವಿವರಿಸಿದರು. ಇಪ್ಪತ್ತು ಜನ ಸೇರಿ ತಲಾ ಒಂದೂವರೆ ಲಕ್ಷ ಹಾಕಬೇಕು. ಪಕ್ಕದ ಊರಿನ ರಾಗಿ ಬೆಳೆಯುವವರು, ನಿಮ್ಮ ಸದ್ದಿಗೆ ನಮ್ಮ ಮಳೆ ಓಡಿಹೋಗುತ್ತದೆ ಎಂದು ಜಗಳಕ್ಕೆ ನಿಂತಿದ್ದಾರೆ. ಯಂತ್ರದ ಪ್ರದರ್ಶನವಾದ ಮರುದಿನ ಬೆಳಿಗ್ಗೆ ನಂದಿ ಬೆಟ್ಟದ ಆಚೆ ನೇಗಿಲ ಸಾಲಿನ ಹಾಗೆ ಮೋಡಗಳು ಗೆರೆ ಗೆರೆಯಾಗಿ ನಿಂತಿದ್ದನ್ನು ನಾನೇ ಕಂಡೆ. ಬಿ.ಎಸ್‌ಸಿ. ಓದುವ ಮಗಳು, ಅಕೌಸ್ಟಿಕ್ ಗ್ರಾವಿಟಿ ವೇವ್ ಎನ್ನುವುದು ನಿಜವಾಗಿ ಇದೆ ಎನ್ನುತ್ತಾಳೆ. ಮುಂದಿನ ವಾರ ಮುಂಗಡ ಕೊಡಬೇಕು. ಏನು ಮಾಡಲಿ? ಅಂದಹಾಗೆ, ಪ್ರದರ್ಶನದ ದಿನ ಯಂತ್ರದ ಅಸಿಟಿಲೀನ್ ಅನಿಲದ ಸಿಲಿಂಡರುಗಳನ್ನು ಬಿಸಿಲಲ್ಲಿ ಮಲಗಿಸಿ ಇಟ್ಟಿದ್ದರು.

ಉತ್ತರ: ಮುಂಗಡ ಕೊಡುವ ದಿನ ಹತ್ತಿರವಿರುವುದರಿಂದ ಮೊದಲು ಅದನ್ನೇ ಹೇಳುತ್ತೇನೆ. ಫಿರಂಗಿಗೆ ಹಣ ಹಾಕಬೇಡಿ. ಅದು ಆಲಿಕಲ್ಲನ್ನು ತಡೆಯುವುದಿಲ್ಲ. ಪಕ್ಕದ ಊರಿನವರಿಗೂ ಧೈರ್ಯ ಹೇಳಿ, ಅದು ಮಳೆಯನ್ನು ಓಡಿಸುವುದೂ ಇಲ್ಲ. ಎರಡಕ್ಕೂ ಕಾರಣ ಒಂದೇ, ಅದನ್ನು ಬಿಡಿಸಿ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಾರಾಟಗಾರರು ಹೇಳಿದ ಮಾತುಗಳಲ್ಲಿ ಮುಕ್ಕಾಲು ಪಾಲು ನಿಜ. ಟೋಂಗಾ ಅಲೆ ಭೂಮಿಯನ್ನು ಸುತ್ತಿದ್ದು ನಿಜ, ಅಲೆ ಮೇಲೆ ಹೋದಂತೆ ಬೆಳೆಯುವುದೂ ನಿಜ, ಶುಕ್ರನ ಮೋಡದ ಸಂಗತಿಯೂ ನಿಜ. ನಿಮ್ಮ ಮಗಳು ಹೇಳಿದ್ದಂತೂ ಪೂರ್ತಿ ಸರಿ. ನಾನು ಜೀವಮಾನವೆಲ್ಲ ದುಡಿದದ್ದು ಇದೇ ಅಲೆಗಳ ಮೇಲೆ. ಹಾಗಾಗಿ ಆ ನಿಜಗಳನ್ನು ಜೋಡಿಸಿ ಒಂದು ತಪ್ಪು ತೀರ್ಮಾನಕ್ಕೆ ನಿಮ್ಮನ್ನು ನಡೆಸಿಕೊಂಡು ಹೋಗಿರುವುದು ನನಗೆ ನೋವಿನ ವಿಷಯ.

ಗಾಳಿಯನ್ನು ಅಲುಗಾಡಿಸಿದರೆ ಅದು ಎರಡು ರೀತಿಯಲ್ಲಿ ತನ್ನ ಜಾಗಕ್ಕೆ ಮರಳಲು ನೋಡುತ್ತದೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆಯನ್ನು ತಳ್ಳಿದರೆ ಅದು ಹಿಂದಕ್ಕೆ ಚಿಮ್ಮುತ್ತದಲ್ಲ, ಅದು ಮೊದಲನೆಯದು. ಒತ್ತಿದ ಗಾಳಿ ಹಿಗ್ಗಿ ಪಕ್ಕದ ಗಾಳಿಯನ್ನು ಒತ್ತುತ್ತದೆ, ಅದು ಮುಂದಿನದನ್ನು ಒತ್ತುತ್ತದೆ. ಶಬ್ದ ಸಾಗುವುದು ಹೀಗೆ. ಎರಡನೆಯದಕ್ಕೆ, ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತದ್ದನ್ನು ನೆನಪಿಸಿಕೊಳ್ಳಿ. ಬುರುಡೆಯನ್ನು ನೀರಿನೊಳಗೆ ಅದುಮಿ ಬಿಟ್ಟರೆ ಮೇಲಕ್ಕೆ ಹಾರುತ್ತದೆ, ಮತ್ತೆ ಮುಳುಗುತ್ತದೆ, ನಾಲ್ಕಾರು ಸಲ ಕುಣಿದು ನಿಲ್ಲುತ್ತದೆ. ಗಾಳಿಯ ಒಂದು ತುಂಡೂ ಹೀಗೆಯೇ. ಅದನ್ನು ಮೇಲೆತ್ತಿದರೆ ಹಿಗ್ಗಿ ತಣ್ಣಗಾಗುತ್ತದೆ, ಒಣಗಾಳಿಯಾದರೆ ಒಂದು ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಸುತ್ತಲಿನ ಗಾಳಿ ಸಾಮಾನ್ಯವಾಗಿ ಅಷ್ಟು ಬೇಗ ತಣ್ಣಗಾಗಿರುವುದಿಲ್ಲ, ಸರಾಸರಿ ಆರೂವರೆ ಡಿಗ್ರಿ ಅಷ್ಟೆ. ಹಾಗಾಗಿ ಮೇಲೆ ಬಂದ ತುಂಡು ನೆರೆಯವುಗಳಿಗಿಂತ ಭಾರವಾಗಿ ಕೆಳಗಿಳಿಯುತ್ತದೆ, ಇಳಿಯುವ ರಭಸಕ್ಕೆ ತನ್ನ ಮಟ್ಟ ದಾಟಿ ಇನ್ನೂ ಕೆಳಗೆ ಹೋಗುತ್ತದೆ, ಅಲ್ಲಿ ಬೆಚ್ಚಗಾಗಿ ಮತ್ತೆ ಏಳುತ್ತದೆ. ಈ ಏರಿಳಿತ ಪಕ್ಕಕ್ಕೆ ಹಬ್ಬಿದರೆ ಅದೇ ಗ್ರಾವಿಟಿ ವೇವ್.

ಇದಕ್ಕೆ ಕನ್ನಡದಲ್ಲಿ 'ಗುರುತ್ವ ಅಲೆ' ಎಂದು ಬರೆದರೆ ಗೊಂದಲವಾಗುತ್ತದೆ. ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಹುಟ್ಟಿ, 2015ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಉಪಕರಣಕ್ಕೆ ಸಿಕ್ಕಿದ ಅಲೆಗಳಿಗೂ ಪತ್ರಿಕೆಗಳು ಅದೇ ಹೆಸರು ಕೊಟ್ಟಿವೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಇದನ್ನು ತೇಲುಬಲದ ಅಲೆ ಎಂದೇ ಕರೆಯುತ್ತೇನೆ.

ಈಗ ಮುಖ್ಯವಾದ ಮಾತು. ಈ ಎರಡರಲ್ಲಿ ಯಾವುದು ಕೆಲಸ ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಸದ್ದಿನ ಜೋರಲ್ಲ, ಅಲುಗಾಟ ತೆಗೆದುಕೊಳ್ಳುವ ಸಮಯ. ವಾತಾವರಣಕ್ಕೆ ತನ್ನದೇ ಒಂದು ಗಡಿಯಾರವಿದೆ. ಸುಮಾರು ನಾಲ್ಕೈದು ನಿಮಿಷಕ್ಕಿಂತ ಬೇಗ ಮುಗಿಯುವ ಕಂಪನ ಶಬ್ದವಾಗಿ ಮೇಲಕ್ಕೆ ಸಾಗುತ್ತದೆ. ಅದಕ್ಕಿಂತ ಸಾಕಷ್ಟು ನಿಧಾನವಾದ ಅಲುಗಾಟ ತೇಲುಬಲದ ಅಲೆಯಾಗುತ್ತದೆ. ಮೋಡಗಳಿರುವ ಕೆಳಸ್ತರದಲ್ಲಿ ಗಾಳಿಯ ತುಂಡೊಂದು ಒಮ್ಮೆ ಏರಿ ಇಳಿದು ಬರಲು ಸುಮಾರು ಹತ್ತು ನಿಮಿಷ ಬೇಕು, ಮೇಲಿನ ಸ್ಟ್ರಾಟೋಸ್ಫಿಯರ್‌ನಲ್ಲಿ ಐದು ನಿಮಿಷ. ಶಬ್ದದ ಸಮಯಕ್ಕೂ ತೇಲುಬಲದ ಅಲೆಯ ಸಮಯಕ್ಕೂ ನಡುವೆ ಒಂದು ಸಂದು ಉಳಿಯುತ್ತದೆ. ಅಲ್ಲಿ ಬೀಳುವ ಕಂಪನ ಮೇಲಕ್ಕೆ ಸಾಗಲಾರದು. ಶಬ್ದ ಮತ್ತು ತೇಲುಬಲ ಎರಡನ್ನೂ ಒಂದೇ ಸಮೀಕರಣದಲ್ಲಿ ಬರೆದಾಗ ಇವೆಲ್ಲ ಒಟ್ಟಿಗೆ ಹೊರಬರುತ್ತವೆ, ಆ ಕುಟುಂಬಕ್ಕೆ ಅಕೌಸ್ಟಿಕ್ ಗ್ರಾವಿಟಿ ವೇವ್ ಎಂಬ ಜೋಡಿ ಹೆಸರು. ಮಗಳು ಅದನ್ನು ಒಂದು ಸಂಜೆ ಕುಳಿತು ಮಾಡಿ ನೋಡಬಹುದು. ಎಲ್ಲೆಡೆ ಒಂದೇ ಉಷ್ಣತೆಯಿರುವ ವಾತಾವರಣ ಎಂದು ಹಿಡಿದರೆ ಬಿ.ಎಸ್‌ಸಿ. ಗಣಿತ ಸಾಕು.

ನಿಮ್ಮ ಫಿರಂಗಿಯ ಹೊಡೆತ ಮುಗಿಯುವುದು ಸೆಕೆಂಡಿನ ಒಂದು ಸಣ್ಣ ಚೂರಿನಲ್ಲಿ. ಹತ್ತು ನಿಮಿಷದ ಗಡಿಯಾರದಲ್ಲಿ ಬದುಕುವ ಮೋಡಕ್ಕೆ ಅದು ತಾಕುವುದೇ ಇಲ್ಲ. ಆಲದ ಕೊಂಬೆಗೆ ಕಟ್ಟಿದ ಉಯ್ಯಾಲೆಯ ಹಲಗೆಗೆ ಬೆರಳಿನಿಂದ ಚಿಟಿಕೆ ಹೊಡೆದ ಹಾಗೆ. ಹಲಗೆ ಟಕ್ ಎನ್ನುತ್ತದೆ, ತೂಗುವುದಿಲ್ಲ. ಆರು ಸೆಕೆಂಡಿಗೊಮ್ಮೆ ದಿನವಿಡೀ ಹೊಡೆದರೂ ತೂಗುವುದಿಲ್ಲ, ಏಕೆಂದರೆ ಪ್ರತಿ ಹೊಡೆತವೂ ಗಾಳಿಯನ್ನು ಎಷ್ಟು ತಳ್ಳುತ್ತದೋ ಮರುಕ್ಷಣ ಅಷ್ಟೇ ಎಳೆದುಕೊಳ್ಳುತ್ತದೆ. ಉಯ್ಯಾಲೆ ತೂಗಬೇಕಾದರೆ ಅದರ ಲಯಕ್ಕೆ ತಕ್ಕ ಹಾಗೆ, ಭಾರ ಹಾಕಿ ತಳ್ಳಬೇಕು.

ಆದರೂ ಅಲೆ ಮೇಲೆ ಹೋದಂತೆ ಬೆಳೆಯುತ್ತದಲ್ಲ ಎನ್ನುವಿರಿ. ಬೆಳೆಯುತ್ತದೆ. ಗಾಳಿ ತೆಳುವಾದಂತೆ ಅದೇ ಶಕ್ತಿ ಕಡಿಮೆ ದ್ರವ್ಯವನ್ನು ಅಲ್ಲಾಡಿಸಬೇಕಾದ್ದರಿಂದ ಅಲುಗಾಟ ದೊಡ್ಡದಾಗುತ್ತದೆ. ದಾರಿಯಲ್ಲಿ ಏನೂ ಸೋರಿಹೋಗದಿದ್ದರೆ ನೂರು ಕಿಲೋಮೀಟರ್ ಎತ್ತರಕ್ಕೆ ಸಾವಿರ ಪಟ್ಟಿಗೂ ಮೀರುತ್ತದೆ. ಆದರೆ ನಿಮ್ಮ ಆಲಿಕಲ್ಲು ಬೆಳೆಯುವುದು ಏಳೆಂಟು ಕಿಲೋಮೀಟರಿನ ಆಸುಪಾಸಿನಲ್ಲಿ. ಅಷ್ಟರಲ್ಲಿ ಈ ಬೆಳವಣಿಗೆ ಒಂದೂವರೆ ಪಟ್ಟು, ಹೆಚ್ಚಿಲ್ಲ. ಇನ್ನೊಂದು ಕಡೆ, ಸದ್ದು ಸುತ್ತಲೂ ಹರಡಿ ಕ್ಷೀಣಿಸುತ್ತಾ ಹೋಗುತ್ತದೆ. ಯಂತ್ರದ ಪರವಾಗಿ ಧಾರಾಳವಾಗಿಯೇ ಲೆಕ್ಕ ಹಿಡಿಯೋಣ: ನೂರು ಮೀಟರ್ ದೂರದಲ್ಲಿ ಅದರ ಒತ್ತಡ ನೂರು ಪಾಸ್ಕಲ್, ಅಂದರೆ ಕಿವಿ ನೋಯುವಷ್ಟು. ಏಳು ಕಿಲೋಮೀಟರ್ ಮೇಲೆ ಅದು ಎಪ್ಪತ್ತನೆಯ ಒಂದು ಭಾಗ, ಒಂದೆರಡು ಪಾಸ್ಕಲ್. ನೀವು ಚಪ್ಪರದ ಕೆಳಗೆ ಒಂದು ಗೇಣು ಬಗ್ಗಿದರೆ ನಿಮ್ಮ ಕಿವಿಯ ಮೇಲಿನ ಗಾಳಿಯ ಒತ್ತಡ ಬದಲಾಗುವುದೂ ಎರಡು ಪಾಸ್ಕಲ್‌ನಷ್ಟೇ. ಆ ಎತ್ತರದಲ್ಲಿ ಈ ಸದ್ದಿಗೆ ಗಾಳಿ ಹಿಂದೆ ಮುಂದೆ ಸರಿಯುವ ದೂರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಎರಡು ಸೆಂಟಿಮೀಟರ್ ಗಾತ್ರದ ಆಲಿಕಲ್ಲನ್ನು ಬೀಳದಂತೆ ಎತ್ತಿ ಹಿಡಿದಿರುವ ಏರುಗಾಳಿಯ ವೇಗ ಗಂಟೆಗೆ 60-70 ಕಿಲೋಮೀಟರ್.

ಇಷ್ಟು ಲೆಕ್ಕವೂ ಬೇಡವೆನಿಸಿದರೆ ಗುಡುಗನ್ನು ನೆನೆಯಿರಿ. ಮಿಂಚಿನ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಆ ಹೊಡೆತ ಹುಟ್ಟುವುದು ಮೋಡದ ಹೊಟ್ಟೆಯಲ್ಲೇ, ಆಲಿಕಲ್ಲಿನ ಪಕ್ಕದಲ್ಲೇ, ಕಿಲೋಮೀಟರುಗಟ್ಟಲೆ ಉದ್ದಕ್ಕೆ. ಸದ್ದಿಗೆ ಆಲಿಕಲ್ಲು ಒಡೆಯುವುದಾದರೆ ಗುಡುಗುವ ಮೋಡದಿಂದ ಒಂದು ಕಲ್ಲೂ ಬೀಳಬಾರದಿತ್ತು. ಭರಣಿ ಮಳೆಯಲ್ಲಿ ಗುಡುಗದೆ ಬಿದ್ದ ಆಲಿಕಲ್ಲನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ.

ಆಲಿಕಲ್ಲಿನ ಮೋಡ ಎಂದರೇನು ಎಂಬುದನ್ನೂ ಇದೇ ಸೋರೆಬುರುಡೆಯಿಂದ ತಿಳಿಯಬಹುದು. ಮೇಲೆದ್ದ ಗಾಳಿ ಮರಳಿ ಇಳಿಯುತ್ತದೆ ಎಂದೆನಲ್ಲ, ಆಲಿಕಲ್ಲಿನ ದಿನ ಅದು ಇಳಿಯುವುದಿಲ್ಲ. ತೇವದ ಗಾಳಿ ಏರಿ ಹನಿಗಟ್ಟುವಾಗ ಆವಿಯೊಳಗೆ ಅಡಗಿದ್ದ ಶಾಖ ಹೊರಬರುತ್ತದೆ. ಹಾಗಾಗಿ ಆ ತುಂಡು ಸುತ್ತಲಿನದಕ್ಕಿಂತ ಬೆಚ್ಚಗೆ, ಹಗುರವಾಗಿ ಉಳಿದು ಏರುತ್ತಲೇ ಹೋಗುತ್ತದೆ. ಹಿಂದಕ್ಕೆ ಎಳೆಯಬೇಕಾದ ತೇಲುಬಲವೇ ಮುಂದಕ್ಕೆ ನೂಕುವ ಬಲವಾಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆಲ ಕಾದು, ಸಂಜೆಗೆ ಮೋಡ ಹನ್ನೆರಡು ಹದಿಮೂರು ಕಿಲೋಮೀಟರ್ ಎತ್ತರ ಬೆಳೆದು ನಿಲ್ಲುವುದು ಹೀಗೆ. ಒಂದು ಚದರ ಕಿಲೋಮೀಟರಿನ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ನೀರು ಹನಿಗಟ್ಟುವಾಗ ಹೊರಬಂದ ಶಾಖ, ಮನೆಯ ಅಡುಗೆ ಅನಿಲದ ಸುಮಾರು 38,000 ಸಿಲಿಂಡರುಗಳನ್ನು ಉರಿಸಿದಷ್ಟು. ಅದು ಒಂದು ಸಾಧಾರಣ ಮಳೆ ಮಾತ್ರ. ಎದುರಿಗೆ ನೀವು ನಿಲ್ಲಿಸುವುದು ಒಂದು ಕೊಳವೆ.

ಟೋಂಗಾ ವಿಷಯಕ್ಕೆ ಬರುತ್ತೇನೆ, ಅದು ಮಾರಾಟಗಾರರಿಗೇ ತಿರುಗಿ ಬೀಳುವ ಉದಾಹರಣೆ. 2022ರ ಜನವರಿ 15ರಂದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತೂಮುಕ್ಕಾಲರ ಸುಮಾರಿಗೆ ಆ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿಯಿತು. ಅದರಿಂದ ಹೊರಟ ಮುಖ್ಯ ಅಲೆ ನೆಲಕ್ಕೆ ಅಂಟಿಕೊಂಡು, ಅಡ್ಡಡ್ಡಲಾಗಿ ಸಾಗುವ ಜಾತಿಯದು, ಲ್ಯಾಂಬ್ ಅಲೆ ಎನ್ನುತ್ತಾರೆ. ವೇಗ ಸೆಕೆಂಡಿಗೆ ಸುಮಾರು 315 ಮೀಟರ್. ಚಿಕ್ಕಬಳ್ಳಾಪುರ ಅಲ್ಲಿಂದ ಹನ್ನೆರಡು ಸಾವಿರ ಚಿಲ್ಲರೆ ಕಿಲೋಮೀಟರ್, ಭಾಗಿಸಿ ನೋಡಿದರೆ ಅದು ನಿಮ್ಮ ತೋಟ ದಾಟಿದ್ದು ಅದೇ ದಿನ ರಾತ್ರಿ ಎಂಟೂವರೆಯ ಆಸುಪಾಸಿನಲ್ಲಿ. ರಾತ್ರಿಯ ಊಟ ಮುಗಿಸುವ ಹೊತ್ತು. ಜಗತ್ತಿನ ವಾಯುಭಾರ ಮಾಪಕಗಳು ಅಂದು ಬರೆದುಕೊಂಡ ಜಿಗಿತ ಒಂದೆರಡು ಹೆಕ್ಟೊಪಾಸ್ಕಲ್, ಅಂದರೆ ನೂರು ಇನ್ನೂರು ಪಾಸ್ಕಲ್. ಫಿರಂಗಿ ಮೋಡದ ಎತ್ತರಕ್ಕೆ ಮುಟ್ಟಿಸುವುದರ ನೂರು ಪಟ್ಟು. ಅದೂ ಕ್ಷಣದ ಹೊಡೆತವಲ್ಲ, ಹಲವು ನಿಮಿಷ ಹಿಡಿದು ಸಾಗಿದ ಒತ್ತಡ. ನಿಮಗೆ ಏನಾದರೂ ಗೊತ್ತಾಯಿತೇ? ಯಾರ ಚಪ್ಪರದ ಎಲೆಯೂ ಅಲುಗಲಿಲ್ಲ.

ಇಂಥ ಅಲೆ ಹೊಸದೇನಲ್ಲ. 1883ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗಲೂ ಅಲೆ ಹಲವು ಸಲ ಭೂಮಿಯನ್ನು ಸುತ್ತಿ ಮಾಪಕಗಳಲ್ಲಿ ದಾಖಲಾಯಿತು. 1961ರ ಅಕ್ಟೋಬರ್ 30ರಂದು ಸೋವಿಯತ್ ಒಕ್ಕೂಟ ಸಿಡಿಸಿದ ಅತಿ ದೊಡ್ಡ ಬಾಂಬೂ ಅಂಥ ಅಲೆ ಎಬ್ಬಿಸಿತು. ಈ ಶಾಸ್ತ್ರಕ್ಕೆ ಆ ದಶಕದಲ್ಲಿ ಹುರುಪು ಬಂದದ್ದೇ ಯಾರು ಎಲ್ಲಿ ಬಾಂಬು ಸಿಡಿಸಿದರು ಎಂದು ದೂರದಿಂದ ತಿಳಿಯಬೇಕಾಗಿದ್ದರಿಂದ. ನಿಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪನ ಮಾಪಕಗಳ ಸಾಲು ನಿಂತದ್ದೂ ನೆಲದ ಮೂಲಕ ಅದೇ ಕೆಲಸ ಮಾಡುವುದಕ್ಕೆ.

ಶುಕ್ರ ಗ್ರಹದ ಕಥೆ ನನಗೆ ಬಹಳ ಪ್ರಿಯವಾದದ್ದು, ಅದನ್ನು ಅರ್ಧಕ್ಕೆ ಬಿಟ್ಟು ಹೇಳಿದ್ದಾರೆ. ಅಲ್ಲಿ ಗಂಧಕಾಮ್ಲದ ಮೋಡಗಳು ಸೆಕೆಂಡಿಗೆ ನೂರು ಮೀಟರ್ ವೇಗದಲ್ಲಿ ಓಡುತ್ತವೆ, ನಾಲ್ಕೇ ದಿನಕ್ಕೆ ಗ್ರಹವನ್ನು ಸುತ್ತಿ ಬರುತ್ತವೆ. ಗ್ರಹವೋ ತನ್ನ ಸುತ್ತ ಒಮ್ಮೆ ತಿರುಗಲು 243 ದಿನ ತೆಗೆದುಕೊಳ್ಳುತ್ತದೆ. 2015ರ ಡಿಸೆಂಬರ್‌ನಲ್ಲಿ ಜಪಾನಿನ ಅಕಾಟ್ಸುಕಿ ನೌಕೆ ಶುಕ್ರನ ಕಕ್ಷೆ ಸೇರಿದ ಕೂಡಲೇ ಕಂಡದ್ದು, ಮೋಡಗಳ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಬಾಗಿ ಹರಡಿದ, ಸುಮಾರು 10,000 ಕಿಲೋಮೀಟರ್ ಉದ್ದದ ಬಿಲ್ಲಿನಾಕಾರದ ಒಂದು ಪಟ್ಟಿ. ಆ ಬಿರುಗಾಳಿಯಲ್ಲೂ ಅದು ದಿನಗಟ್ಟಲೆ ಅಲ್ಲಾಡದೆ ನಿಂತಿತ್ತು. ಅದರ ಕೆಳಗೆ, ಅರವತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಅಫ್ರೊಡೈಟಿ ಎಂಬ ಎತ್ತರದ ಭೂಭಾಗವಿದೆ. ನೆಲದ ಹತ್ತಿರದ ಮೆಲುಗಾಳಿ ಆ ಪರ್ವತಗಳನ್ನು ಹತ್ತಿ ಇಳಿದು ಎಬ್ಬಿಸಿದ ತೇಲುಬಲದ ಅಲೆ, ಮೇಲೇರುತ್ತಾ ಬೆಳೆದು ಮೋಡದ ತುದಿಯಲ್ಲಿ ಕಾಣಿಸಿಕೊಂಡಿತ್ತು. ಗಮನಿಸಿ, ಅಲ್ಲಿ ಸದ್ದಿಲ್ಲ, ಸ್ಫೋಟವಿಲ್ಲ. ಇರುವುದು ಬೆಟ್ಟ, ಗಾಳಿ, ಮತ್ತು ಬೇಕಾದಷ್ಟು ಸಮಯ.

ನೀವು ನಂದಿಯ ಆಚೆ ಕಂಡ ನೇಗಿಲ ಸಾಲು ಇದೇ ಜಾತಿಯದು. ನಂದಿ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್, ನಿಮ್ಮ ಬಯಲು ಒಂಬೈನೂರರ ಸುಮಾರು. ಐನೂರಕ್ಕೂ ಹೆಚ್ಚು ಮೀಟರ್ ಎತ್ತರದ ಈ ಗೋಡೆಯನ್ನು ಗಾಳಿ ಹತ್ತಿ ಇಳಿದಾಗ ಅದರ ಹಿಂದೆ ಅಲೆಗಳ ಸಾಲು ನಿಲ್ಲುತ್ತದೆ. ಹರಿಯುವ ಕಾಲುವೆಯಲ್ಲಿ ಮುಳುಗಿದ ಕಲ್ಲಿನ ಹಿಂದೆ ನೀರು ಮಡಿಕೆ ಮಡಿಕೆಯಾಗಿ ನಿಲ್ಲುವುದಿಲ್ಲವೇ, ಹಾಗೆ. ಗಾಳಿ ಏರುವ ಕಡೆ ತಣ್ಣಗಾಗಿ ಮೋಡ ಹುಟ್ಟುತ್ತದೆ, ಇಳಿಯುವ ಕಡೆ ಕರಗುತ್ತದೆ. ಸೆಕೆಂಡಿಗೆ ಹತ್ತು ಮೀಟರ್ ಗಾಳಿಗೆ, ಹತ್ತು ನಿಮಿಷದ ಗಡಿಯಾರಕ್ಕೆ, ಎರಡು ಸಾಲುಗಳ ನಡುವಿನ ಅಂತರ ಸುಮಾರು ಆರು ಕಿಲೋಮೀಟರ್ ಬರುತ್ತದೆ. ಮುಂದಿನ ಬಾರಿ ಕಂಡಾಗ ಒಂದು ವಿದ್ಯುತ್ ಕಂಬವನ್ನು ಗುರುತಾಗಿಟ್ಟುಕೊಂಡು ಕಾಲು ಗಂಟೆ ನೋಡಿ. ಮೋಡದ ಗೆರೆ ಗಾಳಿಯೊಂದಿಗೆ ತೇಲಿಹೋಗದೆ ನಿಂತಲ್ಲೇ ನಿಂತಿದ್ದರೆ ಅದು ಬೆಟ್ಟ ಎಬ್ಬಿಸಿದ ಅಲೆ. ತೇಲಿಹೋದರೆ ಬೇರೆ ಕಾರಣ ಹುಡುಕಬೇಕು. ಹಿಂದಿನ ದಿನ ಹಾರಿಸಿದ ಫಿರಂಗಿಯ ಗುರುತಂತೂ ಅಲ್ಲ, ಆ ಸದ್ದು ಒಂದು ನಿಮಿಷದೊಳಗೆ ಮೋಡಗಳನ್ನು ದಾಟಿ ಹೋಗಿರುತ್ತದೆ.

ಗುರು ಗ್ರಹದ ಮಾತು ಚಿಕ್ಕದು. 1995ರ ಡಿಸೆಂಬರ್ 7ರಂದು ಅದರೊಳಕ್ಕೆ ಧುಮುಕಿದ ಗೆಲಿಲಿಯೊ ಶೋಧಕ, ಮೇಲ್‌ಸ್ತರದ ಉಷ್ಣತೆ ಅಲೆಅಲೆಯಾಗಿ ಏರಿಳಿಯುವುದನ್ನು ಅಳೆಯಿತು. ಅಲ್ಲಿನ ಮೇಲ್‌ಸ್ತರ, ಸಿಗುವ ಸೂರ್ಯನ ಬಿಸಿಲಿಗೆ ಹೋಲಿಸಿದರೆ, ವಿಪರೀತ ಬಿಸಿಯಾಗಿದೆ. ಅಲೆಗಳು ಹೊತ್ತು ತಂದ ಶಕ್ತಿ ಅದರಲ್ಲಿ ಎಷ್ಟು ಪಾಲು ಎಂಬ ವಾದ ತೀರ್ಮಾನವಾಗಿಲ್ಲ. ಮಂಗಳದಲ್ಲಂತೂ ಶಬ್ದಕ್ಕೆ ಬಲವೇ ಕಡಿಮೆ. ಅಲ್ಲಿ ಓಡಾಡುವ ನಾಸಾದ ಪರ್ಸೆವೆರೆನ್ಸ್ ಗಾಡಿಯ ಮೈಕ್ರೊಫೋನ್ ಅಳೆದಂತೆ ಅಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 240 ಮೀಟರ್, ಕೀರಲು ಸ್ವರಗಳನ್ನು ಅಲ್ಲಿನ ಗಾಳಿ ಬೇಗ ನುಂಗಿಬಿಡುತ್ತದೆ. ಆದರೆ ತೇಲುಬಲದ ಅಲೆಗಳು ಅಲ್ಲೂ ಧಾರಾಳ.

ನಮ್ಮ ಭೂಮಿಯಲ್ಲೇ ಈ ನಿಧಾನದ ಅಲೆಗಳು ಮಾಡುವ ಕೆಲಸ ಕಂಡರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಭೂಮಿಯ ವಾತಾವರಣದ ಅತ್ಯಂತ ತಣ್ಣನೆಯ ಜಾಗ ಯಾವುದು ಗೊತ್ತೇ? ಧ್ರುವದ ಮೇಲೆ, ಸುಮಾರು 85-90 ಕಿಲೋಮೀಟರ್ ಎತ್ತರದಲ್ಲಿ, ಅದೂ ಬೇಸಿಗೆಯಲ್ಲಿ, ಇಪ್ಪತ್ನಾಲ್ಕು ಗಂಟೆ ಸೂರ್ಯ ಮುಳುಗದಿರುವಾಗ. ಅಲ್ಲಿ ಉಷ್ಣತೆ ಸೊನ್ನೆಗಿಂತ 130 ಡಿಗ್ರಿಯಷ್ಟು ಕೆಳಗೆ ಹೋಗುತ್ತದೆ. ಕೆಳಗಿನ ಬೆಟ್ಟಗಳಿಂದ, ಗುಡುಗಿನ ಮೋಡಗಳಿಂದ ಹೊರಟ ಅಲೆಗಳು ಅಷ್ಟು ಎತ್ತರಕ್ಕೆ ಬೆಳೆದು ದಡಕ್ಕೆ ಬಂದ ತೆರೆಯಂತೆ ಒಡೆಯುತ್ತವೆ, ಒಡೆದು ಅಲ್ಲಿನ ಗಾಳಿಯನ್ನು ತಡೆಯುತ್ತವೆ. ಆ ತಡೆ ಗಾಳಿಯನ್ನು ಒಂದು ಧ್ರುವದಿಂದ ಇನ್ನೊಂದು ಧ್ರುವದತ್ತ ತಳ್ಳುತ್ತದೆ, ಬೇಸಿಗೆಯ ಧ್ರುವದಲ್ಲಿ ಗಾಳಿ ಮೇಲೆದ್ದು ಹಿಗ್ಗಿ ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ನಿಮ್ಮ ತೋಟದ ಮೇಲೆ ನಿಂತ ಗುಡುಗಿನ ಮೋಡವೂ ಅಂಥ ಅಲೆಗಳನ್ನು ಮೇಲಕ್ಕೆ ಕಳುಹಿಸುತ್ತಿರುತ್ತದೆ. ಮುಳಬಾಗಿಲು ದಾಟಿ ಪೂರ್ವಕ್ಕೆ ಹೋದರೆ, ತಿರುಪತಿಯ ಹತ್ತಿರ ಗಾದಂಕಿಯಲ್ಲಿ, 1,024 ಆಂಟೆನಾಗಳ ರೇಡಾರ್ ಇದೆ. ಅದರ ದತ್ತಾಂಶದ ಮೇಲೆ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಪರದೆಯ ಮೇಲೆ ಅಲೆಯ ಉಬ್ಬುತಗ್ಗುಗಳು ಗಂಟೆಗಂಟೆಗೂ ಕೆಳಗಿಳಿಯುತ್ತಾ ಬರುತ್ತವೆ. ಆದರೆ ಶಕ್ತಿ ಸಾಗುತ್ತಿರುವುದು ಮೇಲಕ್ಕೆ! ಶಬ್ದದಲ್ಲಿ ಹೀಗಾಗುವುದಿಲ್ಲ. ತೇಲುಬಲದ ಅಲೆಯ ಈ ವಿಚಿತ್ರ ನಡೆಯನ್ನು 1960ರಲ್ಲಿ ಕಾಲಿನ್ ಹೈನ್ಸ್ ಎಂಬ ವಿಜ್ಞಾನಿ ಮೇಲ್‌ವಾತಾವರಣಕ್ಕೆ ಅನ್ವಯಿಸಿ ಬರೆದ ಮೇಲೆಯೇ ನಮ್ಮ ಕ್ಷೇತ್ರಕ್ಕೆ ದಾರಿ ತೆರೆಯಿತು.

ಹಾಗಾದರೆ ಫಿರಂಗಿ ಇಟ್ಟವರು ಅದರಿಂದ ಪ್ರಯೋಜನವಾಯಿತು ಎನ್ನುವುದೇಕೆ? ಅವರು ಸುಳ್ಳು ಹೇಳುತ್ತಿಲ್ಲ. ಚಿಂತಾಮಣಿ ಕಡೆಯ ನಮ್ಮ ಊರಿನಲ್ಲಿ ಆಲಿಕಲ್ಲು ಬಿದ್ದಾಗ ನನ್ನ ಅಜ್ಜಿ ಅಂಗಳಕ್ಕೆ ಕಬ್ಬಿಣದ ಬಾಣಲೆ ಎಸೆಯುತ್ತಿದ್ದರು. ಐದು ನಿಮಿಷದಲ್ಲಿ ನಿಲ್ಲುತ್ತಿತ್ತು. ಒಂದೇ ಜಾಗದಲ್ಲಿ ಆಲಿಕಲ್ಲು ಬೀಳುವುದೇ ಐದು ಹತ್ತು ನಿಮಿಷ, ಎಸೆದರೂ ಅಷ್ಟೆ, ಎಸೆಯದಿದ್ದರೂ ಅಷ್ಟೆ. ಜೊತೆಗೆ ಅದು ಕಿರಿದಾದ ಪಟ್ಟಿಯಲ್ಲಿ ಬೀಳುತ್ತದೆ, ಈ ಹೊಲಕ್ಕೆ ಬಿದ್ದು ಆಚೆಯ ಹೊಲ ಉಳಿಯುತ್ತದೆ. ಮೋಡ ಕವಿದ ದಿನಗಳಲ್ಲಿ ಹೆಚ್ಚಿನವು ಆಲಿಕಲ್ಲಿಲ್ಲದೆಯೇ ಕಳೆಯುತ್ತವೆ. ಪ್ರತಿ ಸಲ ಫಿರಂಗಿ ಹಾರಿಸಿದರೆ ಅಷ್ಟೂ ದಿನಗಳ ಕೀರ್ತಿ ಅದರ ಖಾತೆಗೆ ಹೋಗುತ್ತದೆ.

ಈ ಯಂತ್ರವನ್ನು ಮೊದಲು ನೆಟ್ಟವನೂ ನಿಮ್ಮಂಥ ದ್ರಾಕ್ಷಿ ಬೆಳೆಗಾರನೇ. 1896ರಲ್ಲಿ ಆಗಿನ ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತದಲ್ಲಿ ಆಲ್ಬರ್ಟ್ ಸ್ಟೀಗರ್ ಎಂಬಾತ ಕೊಳವೆ ಬಾಯಿಯ ಫಿರಂಗಿಗಳನ್ನು ನೆಟ್ಟ. ಕೆಲವೇ ವರ್ಷಗಳಲ್ಲಿ ಇಟಲಿಯಲ್ಲಿ ಸಾವಿರಾರು ಫಿರಂಗಿಗಳು ನಿಂತವು. ಸಿಡಿತದಲ್ಲಿ ಜನ ಸತ್ತರು, ಗಾಯಗೊಂಡರು. ಕೊನೆಗೆ ಸರ್ಕಾರಗಳೇ ಪ್ರಯೋಗ ನಡೆಸಿದವು, ಫಿರಂಗಿಗಳ ನಡುವೆಯೇ ಆಲಿಕಲ್ಲು ಬಿತ್ತು, ಅವನ್ನು ಕೈಬಿಟ್ಟರು. ವಿಶ್ವ ಹವಾಮಾನ ಸಂಸ್ಥೆಯೂ ಇಂಥ ಸದ್ದಿನ ಯಂತ್ರಗಳಿಗೆ ವೈಜ್ಞಾನಿಕ ಆಧಾರವಿಲ್ಲ, ನಂಬಬಹುದಾದ ಊಹೆಯೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಿಮ್ಮ ನೆರೆಯವರ ಜಗಳವೂ ಹೊಸದಲ್ಲ. ಮೆಕ್ಸಿಕೋದ ಪುಯೆಬ್ಲಾ ಬಳಿ ಕಾರು ಕಾರ್ಖಾನೆಯೊಂದು ಹೊಸ ಕಾರುಗಳನ್ನು ಉಳಿಸಿಕೊಳ್ಳಲು ಫಿರಂಗಿ ಹಾರಿಸಿದಾಗ, ನಮ್ಮ ಮಳೆ ಹೋಯಿತು ಎಂದು 2018ರಲ್ಲಿ ಸುತ್ತಲಿನ ರೈತರು ಎದ್ದರು. ಆ ಕಾರ್ಖಾನೆ ಬಲೆಯ ಕಡೆಗೆ ತಿರುಗಿತು.

ನಾನೂ ನಿಮಗೆ ಹೇಳುವುದು ಬಲೆಯನ್ನೇ. ಆಲಿಕಲ್ಲನ್ನು ತಡೆಯುವುದು ಅದರ ದಾರಿಗೆ ಅಡ್ಡ ನಿಂತದ್ದು ಮಾತ್ರ. ಬಲೆಗೂ ತೊಂದರೆಗಳಿವೆ. ಅದು ಸ್ವಲ್ಪ ಬಿಸಿಲನ್ನು ತಡೆಯುತ್ತದೆ, ಹಾಗಾಗಿ ಬಣ್ಣ ಮತ್ತು ಕಣ್ಣಿನ ಗಾತ್ರವನ್ನು ನೋಡಿ ಆರಿಸಬೇಕು. ಬಿರುಗಾಳಿಗೆ ಹಾಯಿಯ ಹಾಗೆ ಉಬ್ಬುತ್ತದೆ. ಕಲ್ಲುಗಳು ಒಂದೆಡೆ ಶೇಖರವಾದರೆ ಆ ಭಾರಕ್ಕೆ ಹಳೆಯ ಚಪ್ಪರದ ಕಂಬಗಳೇ ಬಾಗಬಹುದು. ಇಳಿಜಾರು ಕೊಟ್ಟು, ಸಾಲುಗಳ ನಡುವೆ ಕಲ್ಲು ಕೆಳಗಿಳಿಯಲು ಸಂದು ಬಿಟ್ಟು ಕಟ್ಟಬೇಕು. ಬಲೆಗಿಂತ ಮೊದಲು ಕಂಬ, ತಂತಿ ಪರೀಕ್ಷಿಸಿ. ಆಲಿಕಲ್ಲು ಬಲೆಗೆ ತೋಟಗಾರಿಕೆ ಯೋಜನೆಗಳಲ್ಲಿ ನೆರವು ಇರುತ್ತದೆ, ಈ ವರ್ಷದ ದರ, ಮಿತಿ ಏನೆಂದು ತಾಲ್ಲೂಕು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ. ನಾಲ್ಕು ಎಕರೆಗೂ ಒಮ್ಮೆಗೇ ಹಾಕಬೇಡಿ. ಕೊಯ್ಲು ತಡವಾಗುವ ಒಂದು ಎಕರೆಗೆ ಹಾಕಿ ಒಂದು ಹಂಗಾಮು ನೋಡಿ. ಚಾಟನಿಯನ್ನು, ಅಂದರೆ ಬಳ್ಳಿ ಸವರುವುದನ್ನು, ಬೇಗ ಮಾಡಿ ಏಪ್ರಿಲ್‌ಗೆ ಮುಂಚೆ ಕೊಯ್ಲು ಮುಗಿಸಲಾದೀತೇ ಎಂಬುದು ತಳಿಯನ್ನೂ ಮಾರುಕಟ್ಟೆಯನ್ನೂ ಬಲ್ಲವರು ಹೇಳಬೇಕಾದ ಮಾತು, ಅವರನ್ನೇ ಕೇಳಿ.

ವಿಮೆಯ ವಿಷಯದಲ್ಲಿ ಒಂದೇ ಎಚ್ಚರಿಕೆ. ಹವಾಮಾನ ಆಧಾರಿತ ಬೆಳೆ ವಿಮೆ ಹವಾಮಾನ ಕೇಂದ್ರದ ಮಳೆ, ಉಷ್ಣತೆಗಳ ಅಳತೆಯ ಮೇಲೆ ನಡೆಯುತ್ತದೆ, ನಿಮ್ಮ ತೋಟಕ್ಕೆ ಮಾತ್ರ ಬಿದ್ದ ಆಲಿಕಲ್ಲು ಆ ಅಳತೆಗೆ ಸಿಗುವುದಿಲ್ಲ. ಆಲಿಕಲ್ಲಿನ ಹೆಚ್ಚುವರಿ ರಕ್ಷಣೆ ನಿಮ್ಮ ಬೆಳೆಗೆ ಇದೆಯೇ ಎಂದು ಕಂತು ಕಟ್ಟುವ ಮುಂಚೆ ಬರಹದಲ್ಲಿ ಕೇಳಿ ಪಡೆಯಿರಿ. ನಷ್ಟವಾದರೆ 72 ಗಂಟೆಯೊಳಗೆ ತಿಳಿಸಿ, ದಿನಾಂಕ, ಸಮಯ ಕಾಣುವ ಫೋಟೊ ಇಟ್ಟುಕೊಳ್ಳಿ.

ಪ್ರದರ್ಶನದ ದಿನ ಅಸಿಟಿಲೀನ್ ಸಿಲಿಂಡರುಗಳನ್ನು ಬಿಸಿಲಲ್ಲಿ ಮಲಗಿಸಿ ಇಟ್ಟಿದ್ದರು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅವು ಇನ್ನೂ ನಿಮ್ಮ ಶೆಡ್ಡಿನಲ್ಲಿದ್ದರೆ ಇವತ್ತೇ ವಾಪಸ್ ಒಯ್ಯಲು ಹೇಳಿ. ಆ ಅನಿಲ ಸೋರಿದರೆ ಒಂದು ಕಿಡಿ ಸಾಕು. ಈ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಆ ಒಂದು ಸಾಲು.

ಮಗಳಿಗೆ ಒಂದು ಕೆಲಸ ಹೇಳುತ್ತೇನೆ. ಅನೇಕ ಮೊಬೈಲುಗಳಲ್ಲಿ ವಾಯುಭಾರ ಅಳೆಯುವ ಸಂವೇದಕವಿರುತ್ತದೆ, ಅದನ್ನು ಓದಿ ಗೆರೆ ಎಳೆಯುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಅಶ್ವಿನಿ ಮಳೆ ಶುರುವಾದಾಗಿನಿಂದ ಭರಣಿ ಮುಗಿಯುವವರೆಗೆ ಪ್ರತಿ ಸಂಜೆ ನಾಲ್ಕರಿಂದ ಎಂಟರವರೆಗೆ ಮೊಬೈಲನ್ನು ಮನೆಯೊಳಗೆ ಒಂದೇ ಎತ್ತರದಲ್ಲಿ ಅಲುಗಿಸದೆ ಇಟ್ಟು ದಾಖಲಿಸಲಿ. ಗುಡುಗಿನ ಮೋಡ ಹತ್ತಿರ ಬಂದಾಗ, ತಂಗಾಳಿ ಬೀಸುವ ಕ್ಷಣದಲ್ಲಿ, ಗೆರೆ ಒಂದೆರಡು ಹೆಕ್ಟೊಪಾಸ್ಕಲ್ ಮೇಲಕ್ಕೆ ಹಾರುವುದನ್ನು ಅವಳು ಕಾಣುತ್ತಾಳೆ. ಕೆಲವು ಸಂಜೆ ಅದರ ಹಿಂದೆಯೇ ಹತ್ತಿಪ್ಪತ್ತು ನಿಮಿಷದ ಏರಿಳಿತಗಳೂ ಬರುತ್ತವೆ. ತೋಟದ ನಾಲ್ಕು ಮೂಲೆಗೆ ತೆಳು ಥರ್ಮೊಕೋಲ್ ಹಲಗೆಗಳನ್ನು ಅಲ್ಯೂಮಿನಿಯಂ ಹಾಳೆಯಿಂದ ಸುತ್ತಿ ಕಲ್ಲು ಹೇರಿ ಇಡಿ. ಆಲಿಕಲ್ಲು ಬಿದ್ದರೆ ಅದರ ಮೇಲಿನ ಕುಳಿಗಳನ್ನು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಮೇ ಎರಡನೆಯ ವಾರದಲ್ಲಿ ಆ ಗೆರೆಗಳನ್ನೂ ಫೋಟೊಗಳನ್ನೂ ನನಗೆ ಕಳುಹಿಸಿ, ಸಮಯ ನಿಮಿಷದವರೆಗೆ ಬರೆದಿರಲಿ. ಒಂದೊಂದನ್ನೂ ಕುಳಿತು ಓದಿ ಉತ್ತರಿಸುತ್ತೇನೆ.